ಸಿಲಿಂಡರಿನೊಳಗಿನ ಅಕ್ಷತೆ

ನಮ್ಮ ಯಜಮಾನರು ತೀರಿಕೊಂಡು ಮೂರು ವರ್ಷವಾದರೂ, ಡ್ಯಾನ್‌ವಿಲ್ಲಿನ ಮನೆಯ ಗ್ಯಾರೇಜಿಗೆ ಕಾಲಿಟ್ಟರೆ ಅವರು ನನ್ನ ಬೆನ್ನ ಹಿಂದೆಯೇ ನಿಂತಂತಾಗುತ್ತಿತ್ತು. ಹಳೇ ಕಾಲದ, ಮಸಲ್ ಕಾರೆಂಬ ಭಾರೀ ಜೋರಿನ ಕಾರೊಂದರ ಎಂಜಿನ್ನು ತಂದಿಟ್ಟು, ಬಿಚ್ಚಿ ಜೋಡಿಸಿ ಓಡಿಸಬೇಕೆಂದಿದ್ದರು. ಆಗಲಿಲ್ಲ. ಅದು ಓಡುವವರೆಗೂ ಅವರಿಗೆ ಬಿಡುಗಡೆಯಿಲ್ಲವೇನೋ ಎಂಬ ಭಯ ನನಗೆ. ರಿಪೇರಿ ಮಾಡಿ ಓಡಿಸುವವರಿಗೇ ಕೊಡೋಣವೆಂದು ಮಗಳ ಕೈಲಿ ಜಾಹೀರಾತು ಹಾಕಿಸಿದೆ.

ಓಕ್ಲ್ಯಾಂಡಿನಿಂದ ವಯಸ್ಸಾದ ಮೆಕ್ಯಾನಿಕ್ ಒಬ್ಬ ಬಂದ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಸಿಲಿಂಡರಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ, ಫೋನಿನಲ್ಲಿ ನೋಡುತ್ತ ಹುಬ್ಬು ಗಂಟಿಕ್ಕಿದ.

"ಅಮ್ಮಾ, ಒಳಗೆ ರೈಸ್ ಇದ್ಯಂತೆ. ಇಲಿ ತಂದಿಟ್ಟಿದ್ದಾ ಅಂತ ಕೇಳ್ತಿದಾನೆ," ಎಂದಳು ಮಗಳು.

ನಾನೂ ಬಗ್ಗಿ ನೋಡಿದೆ. ಎಣ್ಣೆಯ ಕಪ್ಪಿನಲ್ಲಿ ನಾಲ್ಕಾರು ಹಳದಿ ಕಾಳು. ಅವರ ಕೊನೆಯ ಆಯುಧಪೂಜೆಯ ದಿನ, ಎಣ್ಣೆ ಬಿಡಲೆಂದು ಪ್ಲಗ್ ತೆಗೆದಿದ್ದ ಎಂಜಿನ್ನಿಗೆ ಅವರೇ ಅಕ್ಷತೆ ಹಾಕಿದ್ದರು. "ಬಾಯೊಳಗೇ ಬಿತ್ತಲ್ರೀ," ಎಂದರೆ, "ಎಷ್ಟು ವರ್ಷದ ಉಪವಾಸವೋ ಕಣೇ, ತಿನ್ಲಿ ಬಿಡು," ಎಂದು ನಕ್ಕಿದ್ದರು. ಆ ನಗು ಈಗ ಕಿವಿಯ ಪಕ್ಕದಲ್ಲೇ ಕೇಳಿಸಿತು.

ವ್ಯಾಪಾರ ಮುರಿದರೂ ಸರಿ, ಸುಳ್ಳು ಬೇಡವೆನಿಸಿತು. "ಇಲಿ ಅಲ್ಲ, ಪೂಜೆ ಅಕ್ಕಿ. ನಿಮ್ಮಪ್ಪ ಹಾಕಿದ್ದು ಅಂತ ಹೇಳೇ," ಎಂದೆ.

ಆತ ಮತ್ತೊಮ್ಮೆ ಕ್ಯಾಮೆರಾ ಇಳಿಸಿದ. ದೇವರ ದಯೆ, ಒಳಗೆಲ್ಲೂ ತುಕ್ಕಿರಲಿಲ್ಲ.

"ತೊಗೋತಾನಂತೆ. ಅಕ್ಕೀನ ಈಗ್ಲೇ ತೆಗೆದುಕೊಡ್ಲಾ ಅಂತಾನೆ."

ಕೈ ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡೆ. "ಬೇಡ. ಬಿಚ್ಚಿದಾಗ ಯಾರೂ ತುಳೀದೇ ಇರೋ ಕಡೆ, ಗಿಡದ ಬುಡಕ್ಕೆ ಹಾಕ್ಲಿ."

ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಆತ ನನ್ನತ್ತ ತಿರುಗಿ ತಲೆಯಾಡಿಸಿದ.

"ಅವನ ಶೆಡ್ಡಿನ ಹಿಂದೆ ನಿಂಬೆಗಿಡ ಇದ್ಯಂತಮ್ಮಾ."