ಮಡಿಕೆಯೊಳಗೆ ಉಳಿದ ನಂಬರು

ಬೆಳಗಿನ ಐದೂವರೆ. ಹೊಳೆ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿದೆ. ಹರಿಹರದ ಆ ಹೈಸ್ಕೂಲಿನ ಹಿಂದಿನ ಜಗುಲಿಯಲ್ಲಿ ಸೀಮೆಎಣ್ಣೆ ಸ್ಟೌ ಬುಸುಗುಡುತ್ತಿದೆ. ಅದರ ಮೇಲೆ ಸೊಟ್ಟ ಬೋಗುಣಿ, ಬೋಗುಣಿಯಲ್ಲಿ ಮೈದಾಹಿಟ್ಟು, ನೀರು, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ. ಗಂಟು ಕಟ್ಟದಂತೆ ಕೋಲಿನಿಂದ ತಿರುವುತ್ತಿರುವವರು ಶಾಲೆಯ ಜವಾನಿ ಕೊಟ್ರವ್ವ. ಇವತ್ತು ಅರವತ್ತೊಂದು ಮನೆಗಳಲ್ಲಿ ಯಾರ ಗಂಟಲಲ್ಲೂ ಗಂಜಿ ಇಳಿಯುವುದಿಲ್ಲ. ಈ ಅಂಟಿನ ಗಂಜಿ ಮಾತ್ರ ನೋಟಿಸ್ ಹಲಗೆಗೆ ಇಳಿಯಲೇಬೇಕು. ಎಸ್ಸೆಸ್ಸೆಲ್ಸಿ ರಿಸಲ್ಟು ಬಂದಿದೆ.

ಫಲಿತಾಂಶ ಎಂಬ ಪದಾರ್ಥವನ್ನು ಸರ್ಕಾರ ಬಹಳ ನ್ಯಾಯವಾಗಿ ಹಂಚಿದೆ. ಫಲ ಮಕ್ಕಳಿಗೆ, ಶೇಕಡಾ ಅಂಶ ಹೆಡ್‌ಮಾಸ್ಟರಿಗೆ, ಅಂಟು ಕೊಟ್ರವ್ವನಿಗೆ.

ಇಪ್ಪತ್ತೆರಡು ವರ್ಷಗಳಿಂದ ಹೀಗೆಯೇ ನಡೆದಿದೆ. ಇದೇ ಶಾಲೆಯ ಜವಾನನಾಗಿದ್ದ ಗಂಡ ತೀರಿಕೊಂಡಾಗ ಗಂಟೆಯ ಸುತ್ತಿಗೆ ಹೆಂಡತಿಯ ಕೈಗೆ ಬಂತು. ದಿನಕ್ಕೆ ಹನ್ನೊಂದು ಸಲ ಗಂಟೆ, ಒಂಬತ್ತು ಕೋಣೆಯ ಕಸ, ಬೋರಿನಿಂದ ಹದಿನಾಲ್ಕು ಕೊಡ ನೀರು. ಮೇಷ್ಟ್ರುಗಳ ಪಾಠ ಮುಗಿಯುವುದು ಪುಸ್ತಕ ಮುಗಿದಾಗಲ್ಲ, ಕೊಟ್ರವ್ವನ ಮನಸ್ಸು ಬಂದಾಗ. "ಗಣಿತದ ಪಿರಿಯಡ್ಡು ಎರಡು ನಿಮಿಷ ಮೊದ್ಲೇ ಬಿಡ್ತಿದ್ದೆ ನೋಡ್ರಿ. ಮಕ್ಕಳ ಮಾರಿ ನೋಡಕ್ಕೆ ಆಗ್ತಿರ್ಲಿಲ್ಲ" ಎಂದು ನಗುತ್ತಾರೆ. ಬರುವ ಮಾರ್ಚಿಗೆ ನಿವೃತ್ತಿ.

ಆರು ಗಂಟೆಗೆ ಹೆಡ್‌ಮಾಸ್ಟರ್ ಬಕ್ಕೇಶಪ್ಪ ಬಂದು, ನಿನ್ನೆ ಸಂಜೆ ದಾವಣಗೆರೆಯಿಂದ ತಂದ ಲಕೋಟೆ ಕೊಡುತ್ತಾರೆ. ಅಂಚಿನಲ್ಲಿ ತೂತುಗಳಿರುವ ಕಂಪ್ಯೂಟರ್ ಕಾಗದ. ಅದರಲ್ಲಿ ಪಾಸಾದವರ ನಂಬರು ಮಾತ್ರ ಇರುತ್ತದೆ. ಕೊಟ್ರವ್ವ ಅದನ್ನು ನೆಲದ ಮೇಲೆ ಉದ್ದಕ್ಕೂ ಹಾಸಿ, ತುದಿಯಿಂದ ತುದಿಗೆ ಬೆರಳಿಟ್ಟು ಓದುತ್ತಾರೆ. ಮೂವತ್ತೆಂಟು. ಮತ್ತೆ ಕೆಳಗಿನಿಂದ ಮೇಲಕ್ಕೆ. ಮೂವತ್ತೆಂಟು.

"ಎಣಿಸಿದ್ದು ಸಾಕು ಬಾರವ್ವ, ನಂಬರು ಮರಿ ಹಾಕಲ್ಲ" ಎನ್ನುತ್ತಾರೆ ಬಕ್ಕೇಶಪ್ಪ.

"ಮರಿ ಹಾಕಲ್ಲ ಸಾರ್, ಮರೆ ಆಗ್ತಾವೆ" ಎನ್ನುತ್ತಾರೆ ಕೊಟ್ರವ್ವ.

ಈ ಮಾತಿಗೆ ಎರಡು ವರ್ಷದ ಹಿಂದಿನ ಕಾರಣವಿದೆ. ಈ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಹೊಳೆಗಾಳಿಗೆ ಕಾಗದ ಹಾರಬಾರದು, ಹುಡುಗರು ಹರಿಯಬಾರದು ಎಂದು ಪಟ್ಟಿಯ ಕೆಳಗಿನ ನಾಲ್ಕು ಬೆರಳಗಲವನ್ನು ಒಳಕ್ಕೆ ಮಡಚಿ ಅಂಟಿಸುವುದು. ಟೈಪು ಮಾಡಿದ ಪಟ್ಟಿಗಳ ಕಾಲದಲ್ಲಿ ಆ ಜಾಗದಲ್ಲಿ ಸಾಹೇಬರ ಸಹಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಸಹಿ ಯಾರಿಗೆ ಬೇಕು? ತೊಂಬತ್ತೇಳರ ಮೇ ತಿಂಗಳಲ್ಲಿ ಮೊದಲ ಸಲ ಕಂಪ್ಯೂಟರ್ ಕಾಗದ ಬಂತು. ಕಂಪ್ಯೂಟರಿಗೆ ಹೊಳೆಗಾಳಿ ಗೊತ್ತಿಲ್ಲ. ಅದು ತುದಿಯವರೆಗೂ ಮುದ್ರಿಸಿತ್ತು. ಕೊಟ್ರವ್ವ ಎಂದಿನಂತೆ ಮಡಚಿದರು. ಮೂರನೇ ದರ್ಜೆಯ ಕೊನೆಯ ಸಾಲು, ಮೂರು ನಂಬರು, ಮೈದಾಹಿಟ್ಟಿನೊಳಗೆ ಮಲಗಿದವು.

ಅವುಗಳಲ್ಲಿ ಒಂದು ಶಾಂತಲಾಳದ್ದು. ಅಪ್ಪ ಸೂರಪ್ಪ ಕೂಲಿಗೆ ಹೋಗುವವನು. ಹುಡುಗಿ ಸಂಜೆ ಉಳಿದು ಕೊಟ್ರವ್ವನ ಜೊತೆ ಬೆಂಚು ಜೋಡಿಸುತ್ತಿದ್ದಳು, ಜೋಡಿಸುತ್ತಲೇ ಸಮಾಜ ಪಾಠ ಒಪ್ಪಿಸುತ್ತಿದ್ದಳು. "ನಾನು ಟೀಚರ್ ಆಕ್ತೀನವ್ವ, ಆವಾಗ ನನ್ನ ಪಿರಿಯಡ್ಡಿಗೆ ಬೇಗ ಗಂಟೆ ಹೊಡಿಬ್ಯಾಡ" ಎಂದಿದ್ದಳಂತೆ.

"ಹತ್ತಕ್ಕೆ ಬಂದ್ಲು. ಬೋರ್ಡ್ ಮುಂದೆ ನಿಂತ್ಲು. ನಂಬರು ಸಿಗದ ಮಕ್ಕಳು ಯಾರನ್ನೂ ಕೇಳಂಗಿಲ್ಲ ನೋಡ್ರಿ, ಹೊಳೆ ಕಡೆ ಸಣ್ಣ ಗೇಟು ಹಿಡ್ಕಂಡು ಹೋಗಿಬಿಡ್ತಾವೆ. ಆಕಿ ಹಂಗೇ ಹೊಂಟ್ಲು. ನಾನೇ ಹಿಂದೆ ಓಡಿ ಹೋಗಿ ತಲಿ ಸವರಿ ಹೇಳ್ದೆ, ಇರ್ಲಿ ಬಿಡವ್ವ, ಅಕ್ಟೋಬರ್‌ನಾಗೆ ಕಟ್ಟಿದ್ರಾತು ಅಂತ." ಕೊಟ್ರವ್ವ ಇಲ್ಲಿ ಸ್ಟೌವಿನ ಉರಿ ತಗ್ಗಿಸುತ್ತಾರೆ. "ಪಾಸಾದ ಹುಡುಗಿಗೆ ಸಮಾಧಾನ ಹೇಳಿದ್ನಲ್ರೀ."

ಅಂಟು ತಪ್ಪು ಮಾಡಿತ್ತು. ಬಾಯಿ ಅದಕ್ಕೆ ಮೊಹರು ಒತ್ತಿತು.

ಉಳಿದ ಇಬ್ಬರ ಅಪ್ಪಂದಿರು ಮಧ್ಯಾಹ್ನ ಹೆಡ್‌ಮಾಸ್ಟರ ಮೇಜು ಕುಟ್ಟಿ ಜಗಳವಾಡಿದ್ದರಿಂದ ಮಡಿಕೆ ಬಿಚ್ಚಿತು. ಜಗಳವಾಡಲು ಬಾರದವಳ ಮನೆಗೆ ಕೊಟ್ರವ್ವ ಬರಿಗಾಲಲ್ಲಿ ಓಡಿದರು. ಬೀಗ. ಪಕ್ಕದ ಮನೆಯ ಖತೀಜಾಬೀ ಹೇಳಿದ್ದು ಇಷ್ಟು: "ಪಾಸಾದ್ರೆ ಇಲ್ಲೇ ಕಾಲೇಜು, ಇಲ್ಲಾಂದ್ರೆ ದಾವಣಗೆರೆಗೆ ಹೋಗಿ ಎಲ್ರೂ ದುಡಿಯೋದು ಅಂತ ಸೂರಪ್ಪ ಗಂಟು ಕಟ್ಟಿಟ್ಟಿದ್ದ. ಹನ್ನೆರಡರ ಬಸ್ಸಿಗೆ ಹೋದ್ರು ಕೊಟ್ರವ್ವಾ." ವಿಳಾಸ? ಅಪ್ಪನಿಗೆ ದಾವಣಗೆರೆ ಅಂಚಿನ ಕರೂರಿನ ಕಡೆ ಯಾವುದೋ ಫ್ಯಾಕ್ಟರಿ, ಅವ್ವನಿಗೆ ಎಂ.ಸಿ.ಸಿ. ಬಡಾವಣೆಯಲ್ಲಿ ಮನೆಗೆಲಸ. ಅಷ್ಟೇ.

ಶಾಲೆ ಒಂದು ಕಾರ್ಡು ಬರೆಯಿತು. ಹಳೇ ಬೀಗ ನೋಡಿ ಕಾರ್ಡು ವಾಪಸು ಬಂತು. ಅದೇ ವರ್ಷ ದಾವಣಗೆರೆಯೇ ಜಿಲ್ಲೆಯಾಯಿತು. ಜಿಲ್ಲೆ ಹತ್ತಿರ ಬಂತು, ಹುಡುಗಿ ದೂರ ಹೋದಳು. ಅವಳು ಪಾಸಾದದ್ದು ಬೋರ್ಡಿಗೆ ಗೊತ್ತು, ಇಲಾಖೆಗೆ ಗೊತ್ತು, ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡ ಬೀರುವಿಗೂ ಗೊತ್ತು. ಗೊತ್ತಿಲ್ಲದವಳು ಅವಳೊಬ್ಬಳೇ.

ಅಂದಿನಿಂದ ಭಾನುವಾರ ಬಂದರೆ ಕೊಟ್ರವ್ವ ದಾವಣಗೆರೆ ಬಸ್ಸು ಹತ್ತುತ್ತಾರೆ. ಎಂ.ಸಿ.ಸಿ. 'ಎ' ಬ್ಲಾಕ್ ಒಂದು ವಾರ, 'ಬಿ' ಬ್ಲಾಕ್ ಇನ್ನೊಂದು ವಾರ, ಪಾತ್ರೆ ತೊಳೆಯುವ ಹೆಂಗಸರ ಮುಖ ನೋಡುತ್ತಾ. "ನಾಯಿಗಳು ಮೊದ್ಲು ಬೊಗಳ್ತಿದ್ವು, ಈಗ ಬಾಲ ಅಲ್ಲಾಡಿಸ್ತಾವೆ. ಮನಿಯೋರು ಮಾತ್ರ ಇನ್ನೂ ಬೊಗಳ್ತಾರೆ." ಕರೂರಿನಲ್ಲಿ ಒಮ್ಮೆ ಪ್ಯಾಕಿಂಗ್ ಕೆಲಸದ ಶಾಂತಲಾ ಒಬ್ಬಳು ಸಿಕ್ಕಿದ್ದಳು. ಬೇರೆ ಶಾಂತಲಾ, ಗಣಿತದಲ್ಲಿ ನಿಜವಾಗಿಯೇ ಫೇಲಾದವಳು. ಹೋದದ್ದಕ್ಕೆ ಆಕೆಗೆ ಅಕ್ಟೋಬರ್ ಅರ್ಜಿ ತುಂಬಿಸಿ ಬಂದರು. ಹಲಗೆಗೆ ಹಚ್ಚುವುದಷ್ಟೇ ಕೊಟ್ರವ್ವನ ನೌಕರಿ. ಹಚ್ಚಿಕೊಳ್ಳುವುದು ಪುಕ್ಕಟೆ ಸೇವೆ.

ಈಗ ಹಲಗೆಯೂ ಬದಲಾಗಿದೆ. ಬಡಗಿ ಜಮಾಲ್ ಸಾಬ್ ಕೆಳಗೆ ಒಂದೂವರೆ ಅಡಿ ಜೋಡಿಸಿಕೊಟ್ಟಿದ್ದಾನೆ. "ಏನವ್ವಾ, ಪಾಸಾಗೋರು ಜಾಸ್ತಿ ಆದ್ರಾ?" ಎಂದು ಅವನು ಕೇಳಿದಾಗ, "ಇಲ್ಲಪ್ಪಾ, ನನ್ನ ಧೈರ್ಯ ಕಮ್ಮಿ ಆತು" ಎಂದಿದ್ದರಂತೆ. ಪಟ್ಟಿ ಮಡಚದೆ ಪೂರ್ತಿ ಇಳಿಯುತ್ತದೆ. ಅದರ ಕೆಳಗೆ, ತೊಂಬತ್ತೇಳರ ಪಟ್ಟಿಯಿಂದ ಕತ್ತರಿಸಿದ, ಹಳದಿಗಟ್ಟಿದ ಆ ಕೊನೆಯ ಸಾಲು. ವರ್ಷಕ್ಕೊಮ್ಮೆ ಅದಕ್ಕೂ ಹೊಸ ಅಂಟು.

ಹತ್ತು ಗಂಟೆಗೆ ಗೇಟು ತೆರೆಯುತ್ತದೆ. ನೂಕುನುಗ್ಗಲು, ಕಿರುಚಾಟ, ಅಳು. ಪಾಸಾದವರು ಬಸ್ ಪಾಸಿನ ಲೆಕ್ಕ ಹಾಕುತ್ತಾರೆ. ರಶ್ಮಿತಾಗೆ ದಾವಣಗೆರೆಯಲ್ಲಿ ಪಿಯುಸಿ ಸೈನ್ಸ್. ಹನುಮೇಶನಿಗೆ ಐಟಿಐ. ಫಸ್ಟ್ ಕ್ಲಾಸ್ ಬಂದ ಬಸವಪ್ರಭುವಿಗೆ ದಾವಣಗೆರೆ ಪಿ.ಜೆ. ಬಡಾವಣೆಯ ಸೋದರಮಾವನ ಅಂಗಡಿ. "ಬೆಲ್ಲ ತೂಗಕ್ಕೆ ಫಸ್ಟ್ ಕ್ಲಾಸ್ ಬೇಕೇನಲೇ?" ಎಂದು ಹನುಮೇಶ ಕೆಣಕಿದರೆ, "ನಿನ್ನಂಥೋನಿಗೆ ಉದ್ರಿ ಇಲ್ಲ ಅನ್ನಕ್ಕೆ ಬೇಕು" ಎನ್ನುತ್ತಾನೆ ಅವನು.

ಪೇಡೆ ಕೊಡಲು ಬಂದ ಒಬ್ಬೊಬ್ಬರ ಕೈಗೂ ಕೊಟ್ರವ್ವ, ಎಲ್ಲಾದರೂ ಸಿಕ್ಕರೆ ಹೇಳಲಿ ಎಂದು, ಒಂದು ಚೀಟಿ ತುರುಕುತ್ತಾರೆ. ಶಾಂತಲಾ, ತಂದೆ ಸೂರಪ್ಪ, ಕೊನೆಯ ಮೂರಂಕಿ 417, ಪಾಸು.

"ನಂಗೆ ನಮ್ಮಕ್ಕ ಹೋದ ವರ್ಷನೇ ಹೇಳ್ಯಾಳವ್ವ, ಬಾಯಿಪಾಠ ಐತೆ" ಎನ್ನುತ್ತಾಳೆ ರಶ್ಮಿತಾ.

"ಇದ್ರೂ ಇಟ್ಕಾ. ಬಾಯಿ ನಂಬಬ್ಯಾಡ."

ಹೀಗೆ ಮೂವತ್ತೆಂಟು ಮಕ್ಕಳು ತಮ್ಮ ನಂಬರಿನ ಜೊತೆ ಇನ್ನೊಬ್ಬಳ ನಂಬರನ್ನೂ ಹೊತ್ತು ಹೋಗುತ್ತಾರೆ. ನಂಬರು ಸಿಗದ ಇಪ್ಪತ್ತಮೂರು ಮಕ್ಕಳನ್ನು ಕೊಟ್ರವ್ವ ಸಣ್ಣ ಗೇಟಿನಲ್ಲೇ ತಡೆದು ಹೆಡ್‌ಮಾಸ್ಟರ ಕೋಣೆಗೆ ಕಳಿಸುತ್ತಾರೆ. ಈಗ ಅವರು ಸಮಾಧಾನ ಹೇಳುವುದಿಲ್ಲ. "ಮೊದ್ಲು ಒಳಗೆ ಕೇಳ್ಕಂಡು ಬಾ, ಆಮ್ಯಾಲೆ ಅಳು."

ಸಂಜೆ ಆರೂವರೆ. ಅಂಗಳ ಖಾಲಿ. ಬಕ್ಕೇಶಪ್ಪ ಮನೆಗೆ ಹೊರಟವರು ಕೇಳುತ್ತಾರೆ, "ಗೇಟು ಹಾಕಲ್ವೇನವ್ವ?"

"ನಾಚ್ಕಿ ಪಡೋರು ಯಾರೂ ಇಲ್ಲದಾಗ ಬರ್ತಾರೆ ಸಾರ್. ಇನ್ನೊಂದು ಸ್ವಲ್ಪ ಇರ್ಲಿ."

ಸಣ್ಣ ಗೇಟು ಗಾಳಿಗೆ ಕಿರುಗುಡುತ್ತದೆ. ಪ್ರತಿ ಸಲವೂ ಕೊಟ್ರವ್ವ ತಿರುಗಿ ನೋಡುತ್ತಾರೆ. ಮಾರ್ಚಿನ ನಂತರ ಗಂಟೆ ಬೇರೆಯವರ ಕೈಗೆ. ಅಷ್ಟರೊಳಗೆ ಆಗಬೇಕಾದ ಕೆಲಸ ಅವರಿಗೆ ಒಂದೇ.

"ಫೇಲು ಅಂತ ಹೇಳಿದ್ದು ಈ ಬಾಯಿ. ಪಾಸು ಅಂತಾನೂ ಇದೇ ಹೇಳ್ಬೇಕು. ಆಮ್ಯಾಲೆ ಆಕಿ ನಿಂತ್ಕಂಡು ಎಷ್ಟೊತ್ತು ಬೈದ್ರೂ ಬೈಲಿ. ಆ ಪಿರಿಯಡ್ಡಿಗೆ ನಾನು ಗಂಟೆ ಹೊಡಿಯಂಗಿಲ್ಲ."