ಬಂದೂಕಿನ ನೀಲಕ್ಕ

ನೀಲಕ್ಕ ಬಂದೂಕಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದಳು. ಸ್ಕ್ರೂಡ್ರೈವರಿನ ಕಟ್ಟಿಗೆಯ ಹಿಡಿಕೆಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ, ಅದರ ತುದಿಯನ್ನು ಬಂದೂಕಿನ ಪಕ್ಕೆಗೆ ಒತ್ತಿ, ಕಣ್ಣು ಮುಚ್ಚಿಕೊಂಡು ಖಾಲಿ ಬಂದೂಕಿನ ಟ್ರಿಗರ್ ಎಳೆಯುವಳು. ಒಳಗಿನ ಕೊಕ್ಕೆ ಜಾರುವ ಸದ್ದು ದವಡೆಯ ಎಲುಬನ್ನು ಹಿಡಿದು ನೇರವಾಗಿ ತಲೆಯೊಳಗೆ ಹೋಗುತ್ತಿತ್ತಂತೆ. ಮದುವೆಗೆ ಮೊದಲು ಇಳಕಲ್ಲಿನ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದು ಅವಳ ಕಿವಿ ಮಂದವಾಗಿತ್ತು. "ಕಿವಿ ಮಗ್ಗಕ್ಕ ಕೊಟ್ಟು ಬಂದೀನ್ರಿ. ಹಲ್ಲು ಬಂದೂಕಕ್ಕ ಇಟ್ಕೊಂಡೇನಿ" ಎಂದು ನಗುತ್ತಿದ್ದಳು.

ಹುನಗುಂದದಲ್ಲಿ ಕೋರ್ಟಿನ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಅದು ಗಂಡನ ಮನೆಯ ಕಸುಬು. ಗಂಡನಿಗೆ ಲಕ್ವ ಹೊಡೆದು ಕೈ ನಡುಗತೊಡಗಿದಾಗ ಅವನು ಪಕ್ಕದಲ್ಲಿ ಕುಳಿತು ಹೇಳುತ್ತಿದ್ದ, ಇವಳು ಬಿಚ್ಚಿ ಜೋಡಿಸುತ್ತಿದ್ದಳು. ನೂಲು ಗಂಟು ಹಾಕಿ ಪಳಗಿದ ಬೆರಳುಗಳಿಗೆ ಆ ಸಣ್ಣ ಸ್ಪ್ರಿಂಗು, ಮೊಳೆಗಳು ಬೇಗ ಒಗ್ಗಿದವು. ಅವನು ತೀರಿಕೊಂಡ ಮೇಲೆ ರಿಪೇರಿಯ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಿಡಿದು ಸರ್ಕಾರಿ ಕಚೇರಿಗೆ ಹೋದಾಗ, ಅಲ್ಲಿನ ಸಾಹೇಬರು ತಲೆಯೆತ್ತಿ, "ನಿಮ್ಮ ಮನ್ಯಾಗ ಗಂಡಸರು ಯಾರೂ ಇಲ್ಲೇನ್ರಿ?" ಎಂದು ಕೇಳಿದರಂತೆ. "ಅದಾರ್ರಿ. ಆದ್ರ ಅವ್ರಿಗೆ ಸ್ಕ್ರೂ ಬಿಚ್ಚಾಕ ಬರೂದಿಲ್ಲ" ಎಂದಳಂತೆ ಇವಳು.

ನಾನು ಅದೇ ಊರಿನ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಕಮತಗಿಯಲ್ಲಿ ನಮ್ಮಪ್ಪ ಹಂದಿಗಳಿಂದ ಹೊಲ ಕಾಯಲು ಇಟ್ಟುಕೊಂಡಿದ್ದ ಜೋಡುನಳಿಗೆ ಬಂದೂಕು, ಅವರು ಹೋದ ಮೇಲೆ ನನ್ನ ಹೆಸರಿಗೆ ಬಂತು. ತುಕ್ಕು ತೆಗೆಸಲೆಂದು ಮೊದಲ ಸಲ ಅವಳ ಅಂಗಡಿಗೆ ಒಯ್ದೆ. ಅಂದು ಅವಳು ಹೇಳಿದ ಮಾತು ಇದು: "ಗುಂಡು ಹಾರಸೂದು ಬಂದೂಕಿಗೆ ಸಣ್ಣ ಕೆಲಸ, ಅಕ್ಕೋರ. ಬ್ಯಾಡ ಅಂದಾಗ ಸುಮ್ನ ಇರೂದೈತಲ್ಲ, ಅದು ಅದರ ದೊಡ್ಡ ಕೆಲಸ."

ಕೆರೂರಿನ ಆಚೆ ಕಲ್ಲುನೆಲದ ಹೊಲವಿದ್ದ ನಿವೃತ್ತ ಸುಬೇದಾರರೊಬ್ಬರು, ಬೇಕಾದ ಪರವಾನಗಿಯನ್ನೆಲ್ಲ ತೆಗೆದುಕೊಂಡು, ಒಂದು ಹೊಸ ಪಂದ್ಯ ಹೂಡಿದ್ದರು. ಅಮೆರಿಕದ ದನಗಾಹಿಗಳ ಕಾಲದ ಹಾಗೆ ಟೋಪಿ ಹಾಕಿಕೊಂಡು, ಹಳೆಯ ಜೋಡುನಳಿಗೆಯಿಂದ ಕಬ್ಬಿಣದ ಫಲಕಗಳನ್ನು ಉರುಳಿಸುವ ಆಟ. ನಾಲ್ಕು ಫಲಕ, ಬಂದೂಕಿನಲ್ಲಿ ಎರಡೇ ತೋಟಾ. ಎರಡು ಹಾರಿಸಿ, ಬಂದೂಕನ್ನು ಮಡಿಚಿ, ಖಾಲಿ ತೋಟಾ ಕೊಡವಿ, ಹೊಸ ಎರಡು ತುರುಕಿ, ಮುಚ್ಚಿ, ಉಳಿದೆರಡು ಉರುಳಿಸಬೇಕು. ಬೇಗ ಮುಗಿಸಿದವರು ಗೆದ್ದಂತೆ. ನಾನು ಹೆಸರು ಕೊಟ್ಟೆ. ನನ್ನ ಟೋಪಿ ನೋಡಿ ನೀಲಕ್ಕ, "ಈ ಬುಟ್ಟಿ ತಲಿಮ್ಯಾಲೆ ಇಟ್ಕೊಂಡ್ರ ಗುಂಡು ಜೋರ ಹೋಗತೈತೇನ್ರಿ?" ಎಂದಳು. ನಕ್ಕಳು, ಆದರೆ ಬಂದೂಕನ್ನು ಕೈಗೆತ್ತಿಕೊಂಡ ಮೇಲೆ ಅವಳ ಮುಖ ಬೇರೆಯಾಯಿತು.

ಶಾಲೆ ಬಿಟ್ಟ ಮೇಲೆ ನಾನು ಹೋಗಿ ಅವಳೆದುರು ಸ್ಟೂಲಿನ ಮೇಲೆ ಕೂರುತ್ತಿದ್ದೆ. ಮೊದಲು ತೋಟಾ ಕೂರುವ ಜಾಗವನ್ನು ಕೋಲಿಗೆ ಸುತ್ತಿದ ನುಣ್ಣನೆಯ ಪಾಲಿಶ್ ಬಟ್ಟೆಯಿಂದ ಉಜ್ಜಿದಳು. ಒಮ್ಮೆ ಕೊಡವಿದರೆ ಖಾಲಿ ತೋಟಾ ತಾನಾಗಿ ಜಾರಿ ಬೀಳಬೇಕು. ಆಮೇಲೆ ಆ ತೂತುಗಳ ಅಂಚಿನ ಚೂಪು ತೆಗೆದಳು, ಅವಸರದಲ್ಲಿ ತುರುಕುವಾಗ ತೋಟಾ ಸಿಕ್ಕಿಕೊಳ್ಳಬಾರದು. ಬಂದೂಕು ಮಡಿಚುವ ಮೇಲಿನ ಪಟ್ಟಿಯ ಸ್ಪ್ರಿಂಗ್ ಬಿಗಿಯಾಗಿತ್ತು, ಹೆಬ್ಬೆರಳಿಗೆ ನೋಯದಷ್ಟು ಹಗುರ ಮಾಡಿದಳು.

ಜಗಳವಾದದ್ದು ಸೇಫ್ಟಿಯ ವಿಷಯಕ್ಕೆ. ನಮ್ಮಪ್ಪನ ಬಂದೂಕನ್ನು ಮಡಿಚಿದಾಗಲೆಲ್ಲ, ಟ್ರಿಗರನ್ನು ತಡೆಯುವ ಈ ಸೇಫ್ಟಿ ತಾನಾಗಿ ಬೀಳುತ್ತಿತ್ತು. ಪಂದ್ಯದಲ್ಲಿ ಅದನ್ನು ಪ್ರತಿಸಲ ಮುಂದೆ ತಳ್ಳುತ್ತ ಕೂತರೆ ಸೋತ ಹಾಗೆಯೇ.

"ಅದನ್ನ ತೆಗದ್ರ, ಮುಚ್ಚಿದ ಕೂಡ್ಲೆ ಬಂದೂಕು ತಯಾರ ಇರತೈತ್ರಿ. ಗೊತ್ತೈತಿಲ್ಲೋ?" ಎಂದಳು.

"ಪಂದ್ಯದಾಗ ಎಲ್ಲಾರೂ ಹಂಗ ಮಾಡ್ತಾರ, ನೀಲಕ್ಕ. ಬೆರಳು ಟ್ರಿಗರಿಂದ ದೂರ ಇಟ್ಟಿರ್ತೇನಿ."

"ನಿಮ್ಮ ಬೆರಳಿನ ಮಾತಲ್ರಿ ನಾ ಹೇಳೂದು" ಎಂದಳು. ಕೊನೆಗೆ, ಬೇಕಾದಾಗ ಕೈಯಿಂದ ಹಾಕುವ ಹಾಗೆ ಉಳಿಸಿ, ತಾನಾಗಿ ಬೀಳುವುದನ್ನು ಮಾತ್ರ ನಿಲ್ಲಿಸಿದಳು. ಟ್ರಿಗರ್ ಗಡಸಾಗಿತ್ತು. ಅದನ್ನೂ ತುಸು ಹಗುರ ಮಾಡಿ, "ಇಲ್ಲಿಗೆ ಸಾಕು. ಇದರ ಕೆಳಗ ಹೋಗೂದಿಲ್ಲ" ಎಂದಳು.

ಒಂದು ಭಾನುವಾರ ಅವಳನ್ನೂ ಅಭ್ಯಾಸಕ್ಕೆ ಕರೆದುಕೊಂಡು ಹೋದೆ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ದೂರದಲ್ಲಿ ನಿಂತಳು. ಫಲಕಗಳು ಉರುಳಿದವು, ಖಾಲಿ ತೋಟಾಗಳು ನನ್ನ ಭುಜದ ಮೇಲಿಂದ ಹಿಂದಕ್ಕೆ ಹಾರಿದವು. ಅವಳು ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. ರಿಪೇರಿ ಮಾಡಿಕೊಟ್ಟ ಬಂದೂಕು ಹೀಗೆ ಕೆಲಸ ಮಾಡುವುದನ್ನು ಅವಳು ನೋಡಿದ್ದು ಅದೇ ಮೊದಲು. ತಂದವರು ಅದನ್ನು ಗೋಡೆಗೆ ನೇತುಹಾಕುತ್ತಿದ್ದರು, ಇಲ್ಲವೇ ಹಂದಿ ಓಡಿಸುತ್ತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ, "ಇನ್ನಷ್ಟು ಚುರುಕು ಆಗತೈತ್ರಿ ಅದು" ಎಂದಳು. ಮರುದಿನ ಎಣ್ಣೆ ಹಾಕಿಕೊಡುತ್ತೇನೆಂದು ಬಂದೂಕನ್ನು ಇಟ್ಟುಕೊಂಡಳು.

ಮುಂದಿನ ಅಭ್ಯಾಸಕ್ಕೆ ಅವಳು ಬಂದಿರಲಿಲ್ಲ. ಸುಬೇದಾರರ ಹೊಲ ನೋಡಿಕೊಳ್ಳುತ್ತಿದ್ದ ಬೀರಪ್ಪ ಟೈಮರ್ ಹಿಡಿದು ನನ್ನ ಬಲಕ್ಕೆ ನಿಂತಿದ್ದ. ಕುರಿ ಕಾಯ್ದು ಬೆಳೆದ, ಮಾತು ಕಡಿಮೆಯ ಮನುಷ್ಯ. ನಾನು ಎರಡು ಉರುಳಿಸಿದೆ, ಮಡಿಚಿದೆ, ಕೊಡವಿದೆ, ತುರುಕಿದೆ, ರಪ್ಪನೆ ಮುಚ್ಚಿದೆ. ಮುಚ್ಚಿದ್ದೇ ತಡ, ಗುಂಡು ಹಾರಿತು. ನಳಿಗೆ ಇನ್ನೂ ನೆಲದ ಕಡೆಗಿತ್ತು. ಚರೆಗಳು ಎದುರಿನ ಕೆಂಪು ಬಂಡೆಯ ಅಂಚಿಗೆ ಬಡಿದು ಸಿಡಿದವು. ಬಿಸಿಲಲ್ಲಿ ಟೈಮರಿನ ಅಂಕಿ ಕಾಣದೆ ಬೀರಪ್ಪ ಆಗಷ್ಟೇ ಕಣ್ಣು ಕಾಯುವ ಕನ್ನಡಕವನ್ನು ಹಣೆಗೇರಿಸಿದ್ದ. ಸಿಡಿದ ಒಂದು ಚೂರು ಅವನಿಗೆ ತಾಗಿತು. ಅಂಗೈಯನ್ನು ಎಡಗಣ್ಣಿಗೆ ಒತ್ತಿಕೊಂಡು ಹಾಗೇ ಕುಳಿತುಬಿಟ್ಟ. ಬೆರಳುಸಂದಿಯಿಂದ ರಕ್ತ ಇಳಿಯಿತು.

ಬಾಗಲಕೋಟೆಯ ದವಾಖಾನೆಯಲ್ಲಿ ಆಪರೇಷನ್ ಮಾಡಿದರು. ಕಣ್ಣು ಉಳಿಯಲಿಲ್ಲ.

ಪೊಲೀಸರು ಬಂದೂಕು ಒಯ್ದರು. ಅವಸರದಲ್ಲಿ ನನ್ನ ಬೆರಳು ಟ್ರಿಗರಿಗೆ ತಾಗಿದೆ ಎಂದೇ ಎಲ್ಲರೂ ನಂಬಿದ್ದರು. ನಾನೂ ನಂಬತೊಡಗಿದ್ದೆ. ಊಟಕ್ಕೆ ಕೂತರೆ ತೋರುಬೆರಳನ್ನೇ ನೋಡುತ್ತಿದ್ದೆ. ಅದು ಎಲ್ಲಿತ್ತು ಆ ಹೊತ್ತಿನಲ್ಲಿ? ಹೊರಗಿತ್ತು ಎಂದು ಒಮ್ಮೆ ಅನಿಸುತ್ತಿತ್ತು, ಒಳಗಿತ್ತು ಎಂದು ಇನ್ನೊಮ್ಮೆ. ಶಾಲೆಯ ಮೈದಾನದಲ್ಲಿ ಸೀಟಿ ಊದಲೂ ಕೈ ಏಳುತ್ತಿರಲಿಲ್ಲ.

ಬೀರಪ್ಪನನ್ನು ನೋಡಲು ನಾನು ದವಾಖಾನೆಗೆ ಹೋಗಿದ್ದಾಗಲೇ ನೀಲಕ್ಕ ಬಂದಳು. ಯಾರೂ ಕರೆಸಿರಲಿಲ್ಲ. ಬೀರಪ್ಪನ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಅವನ ಹೆಂಡತಿ ಮಾಳವ್ವ ಮಂಚದ ಕಾಲಿಗೆ ಒರಗಿ ನೆಲದಲ್ಲಿ ಕೂತಿದ್ದಳು. ನೀಲಕ್ಕ ಅವಳೆದುರು ತಾನೂ ನೆಲದಲ್ಲಿ ಕುಳಿತಳು.

"ಇದು ಅಕ್ಕೋರ ಬೆರಳಿನಿಂದ ಆಗಿದ್ದಲ್ಲವ್ವ. ನನ್ನಿಂದ ಆಗಿದ್ದು. ಟ್ರಿಗರ್ ಇನ್ನಷ್ಟು ಹಗುರ ಆಗ್ಲಿ ಅಂತ ಒಳಗಿನ ಕೊಕ್ಕಿ ಉಜ್ಜಿದ್ನಿ. ಭಾಳ ಉಜ್ಜಿದ್ನಿ. ಜೋರ ಮುಚ್ಚಿದ ಹೊಡತಕ್ಕ ಅದು ತಾನ ಜಾರಿ ಗುಂಡು ಹಾರೇತಿ. ಅಕ್ಕೋರಿಗೆ ನಾ ಹೇಳಿರಲಿಲ್ಲ."

ಮಾಳವ್ವ ಮಂಚದ ಕಾಲು ಬಿಟ್ಟು ನೆಟ್ಟಗೆ ಕುಳಿತಳು. "ಹೇಳಿದ್ರ ಕಣ್ಣು ಬರತೈತೇನ?" ಎಂದಳು.

"ಬರೂದಿಲ್ಲವ್ವ."

"ಮತ್ತ ಯಾಕ ಬಂದಿ? ಏಳು. ನನ್ನ ಕಣ್ಣಮುಂದ ಕುಂದ್ರಬ್ಯಾಡ."

ನೀಲಕ್ಕ ಎದ್ದಳು. ಹೊರಗೆ ವರಾಂಡದಲ್ಲಿ ನಾನು ಅವಳ ರಟ್ಟೆ ಹಿಡಿದು ನಿಲ್ಲಿಸಿದೆ. ನನ್ನ ಮೇಲಿನ ಭಾರ ಇಳಿದಿತ್ತು. ಇಳಿದ ಜಾಗದಲ್ಲೇ ಸಿಟ್ಟು ತುಂಬಿಕೊಂಡಿತ್ತು.

"ಇದರ ಕೆಳಗ ಹೋಗೂದಿಲ್ಲ ಅಂದಾಕಿ ನೀನ. ಮತ್ತ ಯಾಕ ಮಾಡಿದಿ ನೀಲಕ್ಕ?"

"ಚಂದ ಆಗಾಕ ಹತ್ತಿತ್ರಿ. ಒಂದೀಟ ಉಜ್ಜಿದ್ರ ಮತ್ತಷ್ಟು ಚಂದ. ಕೈ ನಿಲ್ಲಲಿಲ್ಲ" ಎಂದಳು. ತನ್ನನ್ನು ಕಾಪಾಡಿಕೊಳ್ಳುವ ಒಂದು ಮಾತನ್ನೂ ಅದಕ್ಕೆ ಸೇರಿಸಲಿಲ್ಲ.

ಅಲ್ಲಿಂದ ನೇರ ಠಾಣೆಗೆ ಹೋದಳು. ತೋಟಾದ ತಪ್ಪೆಂದು ಹೇಳಿ ಪಾರಾಗು ಎಂದು ಓಣಿಯವರು ಬುದ್ಧಿ ಹೇಳಿದ್ದರು. ಅವಳು ಪಂಚರೆದುರು ಖಾಲಿ ಬಂದೂಕನ್ನು ಜೋರಾಗಿ ಮುಚ್ಚಿಸಿದಳು. ಯಾರೂ ಟ್ರಿಗರ್ ಮುಟ್ಟಿರಲಿಲ್ಲ, ಒಳಗೆ ಟಕ್ ಎಂದಿತು. "ಬರಕೊಳ್ರಿ ಸಾಹೇಬ್ರ" ಎಂದಳು. ಲೈಸೆನ್ಸ್ ಹೋಯಿತು. ಅಂಗಡಿಗೆ ಬೀಗ ಬಿತ್ತು. ಕೋರ್ಟಿನಲ್ಲೂ ತಪ್ಪೊಪ್ಪಿಕೊಂಡು ಶಿಕ್ಷೆ ಮುಗಿಸಿ, ಇಳಕಲ್ಲಿಗೆ ತಮ್ಮನ ಮನೆಗೆ ಹೋದಳು. ಪಂದ್ಯವನ್ನು ಸುಬೇದಾರರು ಶಾಶ್ವತವಾಗಿ ಕೈಬಿಟ್ಟರು. ನಾನು ಬಂದೂಕನ್ನು ಸರ್ಕಾರಕ್ಕೆ ಒಪ್ಪಿಸಿದೆ.

ಅವಳನ್ನು ನೋಡಲು ನಾನು ಹೋದದ್ದು ಬಹಳ ತಡವಾಗಿ. ಸಿಟ್ಟು ಹೋಗಿತ್ತೆಂದಲ್ಲ. ಬೀರಪ್ಪನೇ ಒಂದು ದಿನ ಸಿಕ್ಕಾಗ, "ಆ ಮುದುಕಿ ತಿಂಗಳಿಗೊಮ್ಮಿ ನಮ್ಮ ಮನಿಮಟ ಬರ್ತಾಳ್ರಿ. ಮಾಳವ್ವ ಬಾಗಲಾ ತಗಿಯೂದಿಲ್ಲ. ಕಟ್ಟಿಮ್ಯಾಲೆ ಕುಂತು, ನಾ ಹೆಂಗದೇನಿ ಅಂತ ಕೇಳಿ ಹೋಗ್ತಾಳ. ನನಗ ಒಳ್ಳೇದನಸತೈತಿ. ಮಾಳವ್ವಗ ಹೇಳಾಕ ಬರೂದಿಲ್ಲ" ಎಂದಿದ್ದ. ನಾನು ಹೋದಾಗ ನೀಲಕ್ಕ ತಮ್ಮನ ಮಗ್ಗದ ಬಳಿ ಕುಳಿತು ಹರಿದ ಎಳೆಗಳಿಗೆ ಗಂಟು ಹಾಕುತ್ತಿದ್ದಳು. ಸಣ್ಣಗಾಗಿದ್ದಳು. ಚಹಾ ಮಾಡಿಸಿದಳು. ಆ ಸಂಗತಿಯನ್ನು ನಾವಿಬ್ಬರೂ ಎತ್ತಲಿಲ್ಲ. ಹೊರಡುವಾಗ, "ಸಾಲ್ಯಾಗ ಹುಡಿಗ್ಯಾರನ್ನ ಚಲೋ ಓಡಸ್ರಿ" ಎಂದಷ್ಟೇ ಅಂದಳು. ಕ್ಷಮಿಸಿದ್ದೇನೆ ಎಂದು ನಾನು ಹೇಳಲಿಲ್ಲ. ಹೇಳಬಹುದಿತ್ತೋ ಏನೋ, ಈಗಲೂ ಗೊತ್ತಿಲ್ಲ.

ಈ ಬೇಸಿಗೆಯಲ್ಲಿ ಅವಳು ತೀರಿಕೊಂಡಳೆಂದು ಸುದ್ದಿ ಬಂತು. ನಾನು ತಲುಪುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಬೀರಪ್ಪ ಕಾಣಿಸಿದ. ಅವನ ಹಿಂದೆ ಮಾಳವ್ವ, ಕಂಕುಳಲ್ಲಿ ಬಟ್ಟೆಯ ಗಂಟು. ನೇರ ಒಳಗೆ ಹೋಗಿ ಗಂಟು ಬಿಚ್ಚಿದಳು. ಪೇರಿಸಿದ ಜೋಳದ ರೊಟ್ಟಿಗಳ ದೊಡ್ಡ ಥಪ್ಪಿ, ಮೇಲೊಂದು ಡಬ್ಬಿಯಲ್ಲಿ ಪಲ್ಯ. ನೀಲಕ್ಕನ ತಮ್ಮನ ಮಕ್ಕಳನ್ನು ಕರೆದು ಕೂರಿಸಿದಳು. ನಾನು ನೋಡುತ್ತ ನಿಂತದ್ದು ಅವಳ ಗಮನಕ್ಕೆ ಬಂತು.

"ನನ್ನ ಸಿಟ್ಟೇನು ಹೋಗಿಲ್ರಿ ಅಕ್ಕೋರ" ಎಂದಳು, ರೊಟ್ಟಿ ಮುರಿಯುತ್ತಲೇ. "ಆದ್ರ ಆಕಿ ಮನಿ ಮಂದಿ ಉಪಾಸ ಇರಬಾರದಲ್ಲ."

ಆಮೇಲೆ ಒಂದು ರೊಟ್ಟಿಯ ಮೇಲೆ ಪಲ್ಯ ಹಾಕಿ ನನ್ನ ಕೈಗೂ ಕೊಟ್ಟಳು.