ಕೊಪ್ಪರಿಗೆ ಯಾರ ಮನೆಯಲ್ಲಿದೆ?

ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದಾಗ ಬರುವ ವಾಸನೆ ನಿಮಗೆ ಗೊತ್ತೋ ಇಲ್ಲವೋ. ದಾರ, ಶಾಯಿ, ಯಾರದೋ ಕೈಬೆವರು. ಚಿತ್ರದುರ್ಗದ ಡಿಪ್ಲೊಮಾ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ರೋಗ್ರಾಮಿಂಗ್ ಪಾಠ ಹೇಳುತ್ತಿರುವ ನನಗೆ ಈಗ ಆ ವಾಸನೆಗೇ ಆಕಳಿಕೆ ಬರುತ್ತದೆ. ಪ್ರಶ್ನೆ ಅದೇ, ಉತ್ತರ ಅದೇ, ತಪ್ಪೂ ಅದೇ. ವ್ಯಾಲ್ಯೂಗೂ ಪಾಯಿಂಟರ್‌ಗೂ ಏನು ವ್ಯತ್ಯಾಸ? ವ್ಯಾಲ್ಯೂ ಎಂದರೆ ವಸ್ತುವೇ ನಮ್ಮ ಕೈಯಲ್ಲಿರುವುದು. ಪಾಯಿಂಟರ್ ಎಂದರೆ ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಇರುವುದು. ಇಷ್ಟು ಬರೆದರೆ ಎರಡು ಅಂಕ. ಕಳೆದ ಶನಿವಾರ ಒಂದು ಪತ್ರಿಕೆಯಲ್ಲಿ ಯಾರೋ ಹೀಗೆ ಬರೆದಿದ್ದರು: 'ವ್ಯಾಲ್ಯೂ ಅಂದರೆ ಇಟ್ಟುಕೊಳ್ಳೋದು. ಪಾಯಿಂಟರ್ ಅಂದರೆ ಕೇಳಿಕೊಂಡು ಹೋಗೋದು.' ಸೊನ್ನೆ ಸುತ್ತಲು ಹೊರಟ ಕೆಂಪು ಪೆನ್ನು ಅಲ್ಲೇ ನಿಂತಿತು.

ಕೇಳಿಕೊಂಡು ಹೋಗುವುದನ್ನು ನಾನು ಕಂಡವಳು. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ ನನ್ನ ದೊಡ್ಡಮ್ಮನದೊಂದು ಹಿತ್ತಾಳೆ ಕೊಪ್ಪರಿಗೆ ಇತ್ತು. ನಾನು ಒಳಗೆ ಕೂತರೂ ಜಾಗ ಉಳಿಯುತ್ತಿತ್ತು. ಆಗಿನ ನಾನು, ಈಗಿನವಳಲ್ಲ. ಬೀದಿಯಲ್ಲಿ ಯಾರ ಮನೆಯ ಕಾರ್ಯವಾದರೂ ಅಡುಗೆ ಅದರಲ್ಲೇ. ಒಯ್ದವರು ಅದನ್ನು ದೊಡ್ಡಮ್ಮನಿಗೆ ವಾಪಸು ತಂದುಕೊಡುವ ಪದ್ಧತಿ ಇರಲಿಲ್ಲ. ಬೆಳಗಿ ತಮ್ಮ ಜಗುಲಿಯಲ್ಲೇ ಬೋರಲು ಹಾಕುತ್ತಿದ್ದರು, ಮುಂದೆ ಬೇಕಾದವರು ಅಲ್ಲಿಂದಲೇ ಹೊತ್ತೊಯ್ಯುತ್ತಿದ್ದರು. ತಾವು ಯಾರಿಗೆ ಕೊಟ್ಟೆವು ಎಂಬುದಷ್ಟೇ ಪ್ರತಿ ಮನೆಗೂ ನೆನಪು. ದೊಡ್ಡಮ್ಮನಿಗೇ ಬೇಕಾದರೆ ಮೊದಲು ಕೊಟ್ಟ ಮನೆಯಿಂದ ಹೊರಟು ಬಾಗಿಲಿನಿಂದ ಬಾಗಿಲಿಗೆ ಕೇಳುತ್ತಾ ಹೋಗಬೇಕು. ನಡುನಡುವೆ ಮಜ್ಜಿಗೆ, ಎಲೆ ಅಡಿಕೆ, ಮೊಣಕಾಲು ನೋವಿನ ಸಮಾಚಾರ. ಬೆಳಿಗ್ಗೆ ಹುಡುಕಲು ಹೋದವಳು ಮನೆಗೆ ಬರುವಾಗ ಊಟದ ಹೊತ್ತು. ನಾವು ತರಗತಿಯಲ್ಲಿ ಲಿಂಕ್ಡ್ ಲಿಸ್ಟ್ ಎಂದು ಹೇಳಿಕೊಡುವುದು ಇದನ್ನೇ, ಮಜ್ಜಿಗೆಯೊಂದನ್ನು ಬಿಟ್ಟು.

ಆಗ ನಾನು ಡಿಪ್ಲೊಮಾ ಮೊದಲ ವರ್ಷದಲ್ಲಿದ್ದೆ. ಅಲ್ಪ ವಿದ್ಯಾ ಮಹಾಗರ್ವಿ ಎನ್ನುವ ಮಾತು ನನಗೆಂದೇ ಹುಟ್ಟಿದ್ದು. ರಜೆಗೆ ಹೋದವಳು ಈ ಅಲೆದಾಟ ನೋಡಲಾರದೆ, ದೊಡ್ಡಮ್ಮನ ಯಾವ ಪಾತ್ರೆ ಯಾರ ಮನೆಯಲ್ಲಿದೆ ಎಂದು ವಿಚಾರಿಸಿ, ಹಾಳೆಯ ಮೇಲೆ ಗೆರೆ ಎಳೆದು ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದೆ.

"ಇನ್ಮ್ಯಾಕೆ ಅಲೀಬ್ಯಾಡ ದೊಡ್ಡಮ್ಮ. ಇದನ್ನ ನೋಡ್ಕಂಡು ನೆಟ್ಟಗೆ ಹೋಗು."

ಅಕ್ಷರ ಕೂಡಿಸಿ ಓದುತ್ತಿದ್ದ ದೊಡ್ಡಮ್ಮ ಅದನ್ನು ಬಂದವರಿಗೆಲ್ಲ ತೋರಿಸಿ ಹಿಗ್ಗಿದಳು. ನಾನು ಕಾಲೇಜಿಗೆ ಹಿಂತಿರುಗಿದೆ. ಕೊಪ್ಪರಿಗೆ ಮನೆ ಬದಲಿಸಿತು, ಹಾಳೆ ಬದಲಾಗಲಿಲ್ಲ.

ದೊಡ್ಡಮ್ಮನ ಮಗಳ ನಿಶ್ಚಿತಾರ್ಥದ ಹಿಂದಿನ ದಿನ ಕೊಪ್ಪರಿಗೆ ಬೇಕಾಯಿತು. ನಾನೂ ಊರಿಗೆ ಬಂದಿದ್ದೆ. ಹಾಳೆಯಲ್ಲಿದ್ದಂತೆ ನಾವಿಬ್ಬರೂ ನೆಟ್ಟಗೆ ಪಕ್ಕದ ಸಾಲಿನ ರುದ್ರಮ್ಮನ ಮನೆಗೆ ಹೋದೆವು. ದೊಡ್ಡಮ್ಮನ ಜೀವದ ಗೆಳತಿ ಆಕೆ.

"ಯುಗಾದಿಗೇ ಹೋತಲ್ಲಕ್ಕಾ, ಮ್ಯಾಲಿನ ಕೇರಿಯೋರು ಒಯ್ದ್ರು."

"ಇಲ್ಲೇ ಐತೆ ಅಂತ ಬರದೈತೆ ರುದ್ರಿ. ಒಳಗೆ ನೋಡು."

ರುದ್ರಮ್ಮ ನಡುಮನೆಯ ಬಾಗಿಲು ಅಗಲಕ್ಕೆ ತೆಗೆದಳು. "ನೀನೇ ಬಂದು ನೋಡಕ್ಕಾ. ಮೂವತ್ತು ವರ್ಷ ನನ್ನ ಮಾತು ಸಾಕಾಗಿತ್ತು. ಇವತ್ತು ಕಾಗದ ಬೇಕಾತು."

ದೊಡ್ಡಮ್ಮ ಒಳಗೆ ಹೋಗಿ ನೋಡಿಬಿಟ್ಟಳು.

ಸಂಜೆ ಕೊಪ್ಪರಿಗೆ ಮೇಲಿನ ಕೇರಿಯಲ್ಲೇ ಸಿಕ್ಕಿತು. ರುದ್ರಮ್ಮ ಊಟಕ್ಕೆ ಬರಲಿಲ್ಲ. ಮನೆ ಹೊಕ್ಕು ನೋಡಿದ ಸುದ್ದಿ ಬೀದಿಗೆಲ್ಲ ಹಬ್ಬಿ, ಆಮೇಲೆ ಕೊಪ್ಪರಿಗೆ ಕೇಳಿಕೊಂಡು ಬೇರೆ ಯಾರೂ ಬರಲಿಲ್ಲ. ದೊಡ್ಡಮ್ಮ ನನ್ನನ್ನು ಬೈಯಲಿಲ್ಲ; ಬೈದಿದ್ದರೆ ಆ ತಪ್ಪನ್ನು ಇಷ್ಟು ವರ್ಷ ಹೊರಬೇಕಿರಲಿಲ್ಲ. ನಕಲು ಮಾಡಿಟ್ಟ ವಿಳಾಸ ಹಳತಾಗುತ್ತದೆ, ವಸ್ತು ಜಾಗ ಬಿಟ್ಟರೂ ಅದಕ್ಕೆ ತಿಳಿಯುವುದಿಲ್ಲ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬಾಣ ಎಳೆದು ಹೇಳುತ್ತೇನೆ. ಹೇಳಬೇಕಾದ ರುದ್ರಮ್ಮನಿಗೆ ಒಮ್ಮೆಯೂ ಹೇಳಲಿಲ್ಲ. ದೊಡ್ಡಮ್ಮ ತೀರಿಹೋದಳು. ಕೊಪ್ಪರಿಗೆ ಚಿತ್ರದುರ್ಗದ ನಮ್ಮ ಮನೆಯ ಮಾಳಿಗೆಗೆ ಬಂದು ಬೋರಲಾಗಿ ಬಿದ್ದಿದೆ.

ಆ ಉತ್ತರ ಓದಿದ ಮಾರನೆಯ ದಿನ, ಭಾನುವಾರ, ಕಟ್ಟನ್ನು ಹಾಗೇ ಬಿಟ್ಟು ಬಸ್ಸು ಹತ್ತಿದೆ. ಹೊಳಲ್ಕೆರೆವರೆಗೂ ನಿಂತೇ ಪ್ರಯಾಣ. ಮಾಡದಕೆರೆಯಲ್ಲಿ ರುದ್ರಮ್ಮನ ಹಳೆಯ ಮನೆಯಲ್ಲಿ ಬೇರೆಯವರಿದ್ದರು. "ಅಂಗಡಿ ತಾವ ಕೇಳ್ರಿ" ಎಂದರು. ಅಂಗಡಿಯವರು ಇನ್ನೊಂದು ಮನೆ ತೋರಿಸಿದರು, ಅಲ್ಲಿಯವರು ಕೆರೆ ಹಿಂದಿನ ಮಗಳ ಮನೆ ತೋರಿಸಿದರು. ರುದ್ರಮ್ಮ ಜಗುಲಿಯಲ್ಲಿ ಹುಣಸೆ ಬೀಜ ಬಿಡಿಸುತ್ತಿದ್ದಳು.

"ಯಾರವ್ವಾ?"

"ಕಾಗದ ಬರ್ದೋಳು, ಚಿಕ್ಕಮ್ಮ. ತಪ್ಪು ನಂದು. ದೊಡ್ಡಮ್ಮಂದಲ್ಲ."

ಆಕೆ ಬಹಳ ಹೊತ್ತು ಬೀಜ ಬಿಡಿಸಿದಳು. "ಅಕ್ಕ ಇದ್ದಾಗ ಬರ್ಬೇಕಿತ್ತು ನೀನು" ಎಂದಳು. ಆಮೇಲೆ ಕೇಳಿದಳು: "ಕೊಪ್ಪರಿಗೆ ಎಲ್ಲೈತೆ?"

"ದುರ್ಗದಾಗೆ, ನಮ್ಮನೇಲಿ."

"ಬರೋ ತಿಂಗ್ಳು ಮೊಮ್ಮಗಳ ಸೀಮಂತ. ತಂದ್ಕೊಡ್ತೀಯಾ?"

"ಯಾವತ್ತು ಚಿಕ್ಕಮ್ಮ?" ಎನ್ನುತ್ತಾ ಅಭ್ಯಾಸಬಲದಿಂದ ಚೀಲದಿಂದ ಪೆನ್ನು ತೆಗೆದೆ. ರುದ್ರಮ್ಮ ಆ ಪೆನ್ನನ್ನೇ ನೋಡಿದಳು. ಮೆಲ್ಲಗೆ ವಾಪಸು ಹಾಕಿದೆ.

"ಇನ್ನೊಂದ್ಸಲ ಬಂದು ಕೇಳ್ಕಂಡು ಹೋಗ್ತೀನಿ."

"ಹ್ಞೂಂ, ಬಾ" ಎಂದು ಮಗಳನ್ನು ಕೂಗಿ ಮಜ್ಜಿಗೆ ತರಲು ಹೇಳಿದಳು.

ಈಗ ಮತ್ತೆ ಆ ಉತ್ತರಪತ್ರಿಕೆ ನನ್ನ ಮುಂದಿದೆ. ಇಂಥ ಉತ್ತರಕ್ಕೆ ಅಂಕ ಕೊಡಬಹುದೆಂದು ಮೌಲ್ಯಮಾಪನದ ಸೂಚನೆಯಲ್ಲಿ ಎಲ್ಲೂ ಹೇಳಿಲ್ಲ. ಎರಡೂ ಅಂಕ ಕೊಟ್ಟು ಹಾಳೆ ಮಗುಚಿದೆ. ಇನ್ನೂ ನಲವತ್ತು ಪತ್ರಿಕೆ ಬಾಕಿ ಇವೆ, ಸೊಂಟ ಹಿಡಿದುಕೊಂಡಿದೆ. ಆದರೂ ಮಾಳಿಗೆ ಹತ್ತಿ, ಕೊಪ್ಪರಿಗೆಗೆ ಹುಣಸೆಹಣ್ಣು ಬಳಿದು ಬಂದಿದ್ದೇನೆ.